ಬಚ್ಚಲದಾಗ ಬೆಂಕಿ ಬ್ಯಾಡ

ವಾಡಿ ಅಂದರೆ ನಿಮಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ರೈಲು ಜಂಕ್ಷನ್ನು, ಸಿಮೆಂಟು ಕಾರ್ಖಾನೆ. ನಾನಿರುವುದು ಆ ವಾಡಿಯಲ್ಲ, ನಾಗಪುರದ ವಾಡಿ. ಅಮರಾವತಿ ರಸ್ತೆಯ ಎರಡೂ ಬದಿಗೆ ಟ್ರಾನ್ಸ್‌ಪೋರ್ಟ್ ಗೋದಾಮುಗಳು, ಸಾಲುಗಟ್ಟಿ ನಿಂತ ಲಾರಿಗಳು, ಹತ್ತಿರದಲ್ಲೇ ಅಂಬಾಝರಿಯ ಮದ್ದುಗುಂಡು ಕಾರ್ಖಾನೆ. ಇಲ್ಲೇ ಮನೆ ಕಟ್ಟಿಸುತ್ತೇನೆ ಎಂದಾಗ ಧಾರವಾಡದ ಕಡೆಯ ನಮ್ಮವರೆಲ್ಲ ಕೇಳಿದ್ದು ಒಂದೇ ಮಾತು: "ಆ ಬಿಸಲಾಗ ಹೆಂಗ ಇರ್ತೀರಪಾ?" ಕೂಲರ್ ಎಷ್ಟು ದೊಡ್ಡದು ಅಂತ ಕೇಳಿದರು, ಛಾವಣಿಗೆ ಬಿಳಿ ಬಣ್ಣ ಬಳಿಸು ಅಂದರು. ಸ್ನಾನದ ನೀರು ಹೇಗೆ ಕಾಯಿಸುತ್ತೀ ಅಂತ ಒಬ್ಬರೂ ಕೇಳಲಿಲ್ಲ. ನಾಗಪುರಕ್ಕೂ ಚಳಿ ಬರುತ್ತದೆ ಎಂಬುದನ್ನು ನಮ್ಮ ಕಡೆ ನಂಬುವವರೇ ಇಲ್ಲ. 2018ರ ಡಿಸೆಂಬರ್ 29ರಂದು ಇಲ್ಲಿ ಉಷ್ಣಾಂಶ 3.5 ಡಿಗ್ರಿಗೆ ಇಳಿದಿತ್ತು.

ಆದರೂ ಕೋಣೆ ಕಾಯಿಸುವ ಯಂತ್ರ ಇಲ್ಲಿ ಬೇಕಿಲ್ಲ. ಎರಡು ರಗ್ಗು ಸಾಕು. ಜಗಳ ಇರುವುದೆಲ್ಲ ಬಚ್ಚಲಿನಲ್ಲಿ.

ನಮ್ಮ ಗುತ್ತಿಗೆದಾರ ನಕ್ಷೆ ನೋಡುತ್ತಲೇ ಎರಡೂ ಬಾತ್‌ರೂಮಿನ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಇಲ್ಲಿ ಗ್ಯಾಸ್ ಗೀಝರ್, ಅಲ್ಲಿ ಗ್ಯಾಸ್ ಗೀಝರ್. "ಸಬ್ ಯಹೀ ಲಗಾತೇ ಹೈ." ನಾನು ಬೇಡ ಅಂದೆ. ಅಪಾಯ ಅಂದೆ. "ಕುಛ್ ನಹೀಂ ಹೋತಾ ಸಾಹೇಬ್" ಅಂದ. ಈ 'ಕುಛ್ ನಹೀಂ ಹೋತಾ' ಎಂಬ ಮಾತಿನ ಮೇಲೆಯೇ ನನ್ನ ಸಿಟ್ಟು. ಇದನ್ನು ನಾನು ಮೊದಲ ಸಲ ಕೇಳುತ್ತಿರಲಿಲ್ಲ.

ಬಾಡಿಗೆ ಮನೆಯಲ್ಲಿದ್ದಾಗಿನ ಮಾತು. ಡಿಸೆಂಬರಿನ ಒಂದು ಭಾನುವಾರ ನನ್ನ ಹೆಂಡತಿ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಬಾತ್‌ರೂಮು ಕಪಾಟಿನಷ್ಟು. ಮೇಲಿದ್ದ ಒಂದೇ ಕಿಂಡಿಗೆ, ಚಳಿಗಾಳಿ ಬರುತ್ತದೆ ಅಂತ ನಾನೇ ರಟ್ಟು ತುರುಕಿದ್ದೆ. ಬಕೀಟು ತುಂಬಿ ನೀರು ಹರಿಯುವ ಸದ್ದು ಕೇಳುತ್ತಲೇ ಇತ್ತು, ನಲ್ಲಿ ನಿಲ್ಲಿಸುವವರಿಲ್ಲ. ಕೂಗಿದೆ. ಉತ್ತರ ಇಲ್ಲ. ಒಳಗಿನಿಂದ ಚಿಲಕ. ಒದ್ದು ಬಾಗಿಲು ಮುರಿದಾಗ ಆಕೆ ನೆಲದ ಮೇಲೆ ಬಿದ್ದಿದ್ದಳು. ಉಳಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಬಿ.ಪಿ. ಬಗ್ಗೆ ಅಲ್ಲ, ಗೀಝರ್ ಯಾವುದು ಅಂತ. ಮನೆ ಮಾಲೀಕ ಮಾತ್ರ, "ಗೀಝರ್ ಸೇ ಕುಛ್ ನಹೀಂ ಹೋತಾ, ಕಮ್‌ಜೋರಿ ಹೋಗೀ" ಅಂದ.

ಆಗುವುದಿಷ್ಟು. ಗ್ಯಾಸ್ ಉರಿಯಲು ಗಾಳಿಯ ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಬರುವ ವಾಸನೆ ಇದಕ್ಕೆ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ತಿರುಗುತ್ತಿದೆ ಅಂತ ತಿಳಿಯುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಕೈಯಲ್ಲಿ ಇರುವುದಿಲ್ಲ.

ಹಾಗಾದರೆ ನಮ್ಮ ಅಜ್ಜಿ ಅರವತ್ತು ವರ್ಷ ಬಚ್ಚಲ ಒಲೆಗೆ ಕುಳ್ಳು, ಕಟ್ಟಿಗೆ ಹಾಕಿ ಹಂಡೆ ಕಾಯಿಸಲಿಲ್ಲವೇ ಎಂದು ಕೇಳುವಿರಿ. ಕಾಯಿಸಿದಳು. ಆ ಬಚ್ಚಲಿಗೆ ಬೆಳಕಿಂಡಿ ಇತ್ತು, ಹಂಚಿನ ಸಂದು ಇತ್ತು, ಬಾಗಿಲಿಗೆ ಬೆರಳು ತೂರುವಷ್ಟು ಬಿರುಕು ಇತ್ತು. ಹೊಗೆ ಕಣ್ಣಿಗೆ ಹತ್ತಿದರೆ ಮನುಷ್ಯ ತಾನಾಗೇ ಹೊರಗೆ ಓಡುತ್ತಿದ್ದ. ನಾವು ಟೈಲ್ಸ್ ಹಾಕಿ, ಅಲ್ಯುಮಿನಿಯಮ್ ಬಾಗಿಲು ಕೂಡಿಸಿ, ಬೆಳಕಿಂಡಿ ಮುಚ್ಚಿ, ಬೆಂಕಿಯನ್ನು ಮಾತ್ರ ಒಳಗೇ ಇಟ್ಟುಕೊಂಡೆವು.

ಗ್ಯಾಸ್ ಗೀಝರಿನ ಪರವಾದ ಮಾತೂ ಸುಳ್ಳಲ್ಲ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಕರೆಂಟು ಹೋದರೂ ಬರುತ್ತದೆ. ಐದು ಜನರ ಮನೆಗೆ ದಿನಕ್ಕೆ ನೂರು ಲೀಟರ್ ನೀರನ್ನು 15 ಡಿಗ್ರಿಯಿಂದ 45ಕ್ಕೆ ಏರಿಸಲು ಮೂರು ಸಾವಿರ ಕಿಲೋಕ್ಯಾಲರಿ ಬೇಕು. ಗ್ಯಾಸ್ ಆದರೆ ಮುನ್ನೂರೈವತ್ತು ಗ್ರಾಂ ಹತ್ತಿರ. ಕರೆಂಟ್ ಆದರೆ ಮೂರೂವರೆ ಯೂನಿಟ್. ಆ ಕರೆಂಟಿನ ಹಿಂದೆ ನಮ್ಮ ಪಕ್ಕದ ಕೋರಾಡಿ, ಖಾಪರಖೇಡಾ ಸ್ಥಾವರಗಳ ಕಲ್ಲಿದ್ದಲಿನ ಹೊಗೆ ಇದೆ. ಅಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ನೀರು ಕಾಯಿಸಲು ಬೆಂಕಿ ಹಚ್ಚಿ, ಅದರಿಂದ ಕರೆಂಟು ಮಾಡಿ, ಆ ಕರೆಂಟಿನಿಂದ ಮತ್ತೆ ನೀರು ಕಾಯಿಸುವುದು! ನಾಲ್ಕು ತಿಂಗಳು ಬೆಂಕಿಯಂತೆ ಸುಡುವ ಸೂರ್ಯನ ಕೆಳಗೆ ಕೂತು ಈ ಕೆಲಸ.

ಸೋಲಾರ್ ಹಾಕಿಸುತ್ತೇನೆ ಅಂದಾಗ ನಕ್ಕವರು ಇಲ್ಲಿಯವರಷ್ಟೇ ಅಲ್ಲ, ನಮ್ಮವರೂ. ಕರ್ನಾಟಕದಲ್ಲಿ 2007ರಲ್ಲೇ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದರು. ಹೆಮ್ಮೆಪಡುವ ಸಂಗತಿ. ಆದರೆ ಬೆಂಗಳೂರಿನ ನಮ್ಮ ನೆಂಟರ ಮನೆಯಲ್ಲಿ ಕಂಡದ್ದೇನು? ಮಾಳಿಗೆಯ ಮೇಲೆ ಧೂಳು ಹಿಡಿದ ಸೋಲಾರ್, ಅದರ ಕೊಳವೆ ಕಟ್ಟಿ ಎರಡು ವರ್ಷ. ಕೆಳಗೆ ಬಾತ್‌ರೂಮಿನಲ್ಲಿ ಗ್ಯಾಸ್ ಗೀಝರ್. ಕೇಳಿದರೆ, "ಮೀಟರ್ ಸಿಗಲಿ ಅಂತ ಹಾಕಿಸಿದ್ದು" ಅಂದರು. ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಬಾತ್‌ರೂಮಿನ ಸಾವಿನ ಸುದ್ದಿ ಓದಿ 'ಪಾಪ' ಅನ್ನುವವರೂ ಇವರೇ.

ಸೋಲಾರ್ ಕೆಡುವುದಕ್ಕೆ ಕಾರಣ ಸೂರ್ಯನಲ್ಲ, ಕಟ್ಟಿಸುವವರ ಉದಾಸೀನ. ನಮ್ಮದು ಬೋರಿನ ಗಡಸು ನೀರು. ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ. ಅದಕ್ಕೆ ಗಾಜಿನ ಕೊಳವೆಯದು ಆರಿಸಿದೆ. ಅದರಲ್ಲೂ ಕಿಟ್ಟ ಕಟ್ಟುತ್ತದೆ, ಆದರೆ ಬಿಚ್ಚಿ ತೊಳೆಯಬಹುದು. ಮುಖ ದಕ್ಷಿಣಕ್ಕೆ. ನಾಗಪುರದ ಅಕ್ಷಾಂಶ 21. ಚಳಿಗಾಲದ ಓರೆ ಬಿಸಿಲಿಗಾಗಿ ಇನ್ನೊಂದು ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಾಗಿಸಿದೆ. ಎರಡೂ ಬಾತ್‌ರೂಮು ಒಂದರ ಕೆಳಗೊಂದು, ಟ್ಯಾಂಕಿನ ನೇರಕ್ಕೇ ಬರುವಂತೆ ನಕ್ಷೆ ತಿದ್ದಿಸಿದೆ. ಇಲ್ಲದಿದ್ದರೆ ಪೈಪಿನಲ್ಲಿ ನಿಂತ ತಣ್ಣೀರು ಒಂದು ಬಕೀಟು ಚೆಲ್ಲಿದ ಮೇಲೇ ಬಿಸಿ ಬರುವುದು. ಇದೆಲ್ಲ ಗಿಲಾಯಿ ಆಗುವ ಮೊದಲೇ ಆಗಬೇಕು. ಆಮೇಲೆ ಗೋಡೆ ಒಡೆಯಲು ಯಾರಿಗೂ ಮನಸ್ಸಿರುವುದಿಲ್ಲ, ಗ್ಯಾಸ್ ಗೀಝರೇ ಬರುತ್ತದೆ. ಶ್ರಾವಣದ ಮೋಡಕ್ಕೆ ಟ್ಯಾಂಕಿನೊಳಗೆ ಒಂದು ಕರೆಂಟಿನ ಕಾಯಿಲ್ಲು ಇದೆ. ಮೇ ತಿಂಗಳಲ್ಲಿ ಯಾವುದೂ ಬೇಡ, ಮಾಳಿಗೆಯ ತಣ್ಣೀರಿನ ಟ್ಯಾಂಕೇ ಮೈ ಸುಡುತ್ತದೆ.

ಅವ್ವನಿಗೆ ಮಾತ್ರ ಸಮಾಧಾನವಿಲ್ಲ. ಊರಿನಿಂದ ಲಾರಿಯಲ್ಲಿ ತಾಮ್ರದ ಹಂಡೆ ತರಿಸಿದ್ದಾಳೆ. ಹಿತ್ತಲಲ್ಲಿ ಬಯಲಿಗೇ ಮೂರು ಕಲ್ಲು ಹೂಡಿಕೊಟ್ಟಿದ್ದೇನೆ. ಬಯಲಲ್ಲಾದರೆ ನನ್ನ ತಕರಾರಿಲ್ಲ. ಗೋದಾಮಿನವರ ಮುರಿದ ಪೆಟ್ಟಿಗೆಯ ಹಲಗೆ ಬೇಕಾದಷ್ಟು ಸಿಗುತ್ತವೆ. ಬಣ್ಣದ್ದನ್ನು ಮಾತ್ರ ಸುಡಬೇಡ ಅಂದಿದ್ದೇನೆ.

ಗುತ್ತಿಗೆದಾರನ ಪೆನ್ಸಿಲ್ ಗುರುತಿನ ಮೇಲೆ ಬಣ್ಣ ಬಿತ್ತು. ಮೊನ್ನೆ ಹುಬ್ಬಳ್ಳಿಯ ತಮ್ಮ ಫೋನು ಮಾಡಿ ಹೊಸ ಗ್ಯಾಸ್ ಗೀಝರ್ ತಂದೆ ಅಂದ.

"ಎಲ್ಲಿ ಇಟ್ಟೀಪಾ?"

"ಬಚ್ಚಲದಾಗ. ಮತ್ತೆಲ್ಲಿ ಇಡಬೇಕ?"

ಹೊರಗಿನ ಗೋಡೆಗೆ ಹಾಕು, ಪೈಪಷ್ಟೇ ಒಳಗೆ ತಗೋ, ನೀರು ತುಂಬುವ ಹಬ್ಬದೊಳಗೆ ಮಾಡಿಸು ಅಂದೆ. ಮನೆಯಲ್ಲಿ ಎರಡು ಸಣ್ಣ ಹುಡುಗರಿದ್ದಾರೆ.

"ನೋಡೂಣಂತ ತಗೋ ಅಣ್ಣಾ," ಅಂದಾನ. "ಏನೂ ಆಗಂಗಿಲ್ಲ."