ದುಡಿಮೆಯೂ ವ್ಯಾಯಾಮವೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಪ್ರಾಂತದ ಮದುವೆಯ ಮನೆಗಳಲ್ಲಿ ಊಟದ ಪಂಕ್ತಿಯನ್ನು ಕಂಡವರು ಇತ್ತೀಚೆಗೆ ಒಂದು ಬದಲಾವಣೆಯನ್ನು ಗಮನಿಸಿರಬಹುದು. ನೆಲದ ಮೇಲೆ ಬಾಳೆಯೆಲೆಗಳನ್ನು ಸಾಲಾಗಿ ಹಾಕಿ ಬಡಿಸುವ ಪದ್ಧತಿಯು ಇನ್ನೂ ಅಲ್ಲಲ್ಲಿ ಉಳಿದಿದೆಯಾದರೂ, ಚಪ್ಪರದ ಒಂದು ಬದಿಗೆ ಮೇಜು ಕುರ್ಚಿಗಳ ಸಾಲೊಂದು ಬಂದು ಸೇರಿದೆ. ಮೊದಲು ಅದು ತೀರ ವೃದ್ಧರ ಸಲುವಾಗಿ ಇಟ್ಟದ್ದು. ಈಗ ನಾಲ್ವತ್ತು ದಾಟದ ಗೃಹಿಣಿಯರೂ “ಕೆಳಗೆ ಕೂತರೆ ಏಳುವದಕ್ಕಾಗದು” ಎಂದು ನಾಚಿಕೊಳ್ಳುತ್ತ ಅಲ್ಲಿಗೆ ನಡೆಯುವರು. ಈಚೆಗೆ ಅಂಥದೊಂದು ಮದುವೆಯಲ್ಲಿ ನನ್ನ ಜೊತೆಯಲ್ಲಿ ಕಲಿತ ಗೆಳತಿಯೂ ಹಾಗೆಯೇ ಹೋದಳು. ಶಾಲೆಯಲ್ಲಿ ಓಟದ ಪಂದ್ಯಗಳಿಗೆ ಅವಳ ಹೆಸರನ್ನೇ ನಾವು ಮೊದಲು ಬರೆಸುತ್ತಿದ್ದೆವು. ಅದೇ ಹೊತ್ತಿಗೆ ಎಂಬತ್ತು ವರ್ಷ ದಾಟಿದ ಅಜ್ಜಿಯೊಬ್ಬರು ನಿರಾಯಾಸವಾಗಿ ಎಲೆಯ ಮುಂದೆ ಕುಳಿತು, ಉಂಡು, ಎದ್ದು ಹೋದರು.

ಇದನ್ನು ಕಂಡವರು “ಹಿಂದಿನ ಕಾಲವೇ ಒಳ್ಳೆಯದು, ಒರಳು ಬೀಸುಕಲ್ಲುಗಳನ್ನು ಬಿಟ್ಟದ್ದರಿಂದ ನಮಗೆ ಈ ಗತಿ ಬಂತು” ಎಂದು ತಟ್ಟನೆ ಹೇಳಿಬಿಡುವರು. ಆದರೆ ನಾನು ಆ ಅಜ್ಜಿಯು ಎದ್ದು ನಡೆಯುವದನ್ನೂ ನೋಡಿದೆನು. ಅವರ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗಾಗಿತ್ತು. ಅರುವತ್ತು ವರ್ಷಗಳ ನೀರಿನ ಕೊಡ, ಸೊಪ್ಪಿನ ಹೊರೆ, ಒಲೆಯ ಹೊಗೆ ಇವೆಲ್ಲವುಗಳ ಲೆಕ್ಕವು ಆ ಶರೀರದ ಮೇಲೆ ಬರೆದಿತ್ತು. ಮೊಣಕಾಲನ್ನು ಉಳಿಸಿದ ದುಡಿಮೆಯೇ ಬೆನ್ನನ್ನು ಮುರಿದಿತ್ತು.

ಆದುದರಿಂದ ಪ್ರಿಯ ಸಹೋದರಿಯರೇ, ಪಾಲಕರೇ, ಈ ಲೇಖನದಲ್ಲಿ ನಾನು ಹೇಳತಕ್ಕದ್ದು ಇಷ್ಟೇ: ದುಡಿಮೆ ಬೇರೆ, ವ್ಯಾಯಾಮ ಬೇರೆ. ಹಳೆಯ ದುಡಿಮೆಯನ್ನು ತಿರುಗಿ ಮನೆಗೆ ತರುವದು ಬೇಡ. ಆದರೆ ಆ ದುಡಿಮೆಯೊಳಗೆ ಅಡಗಿದ್ದ ಬಾಗುವದು, ಕುಳ್ಳಿರುವದು, ಏಳುವದು, ಕೈಯೆತ್ತುವದು ಎಂಬ ಚಲನೆಗಳನ್ನು ನಾವು ದುಡಿಮೆಯೊಂದಿಗೆ ಹೊರಗೆ ಎಸೆದುಬಿಟ್ಟಿದ್ದೇವೆ. ಅವುಗಳನ್ನು ಬೇರೆಯಾಗಿ ಹೆಕ್ಕಿ ಉಳಿಸಿಕೊಳ್ಳಬೇಕು.

ಹಿಂದಿನ ಮನೆಯ ದಿನಚರಿಯನ್ನು ಒಮ್ಮೆ ನೆನೆಯಿರಿ. ಬೆಳಗಾಗುತ್ತಲೇ ಅಂಗಳವನ್ನು ಬಗ್ಗಿ ಗುಡಿಸಬೇಕು. ಬಾವಿಯ ಹಗ್ಗವನ್ನು ಎರಡೂ ಕೈಯಿಂದ ಜಗ್ಗಬೇಕು. ಈಳಿಗೆಯ ಮೇಲೆ ಕುಳಿತು ಕಾಯಿಪಲ್ಯ ಹೆಚ್ಚಬೇಕು. ಕುಕ್ಕರಗಾಲಿನಲ್ಲಿ ಕುಳಿತು ಒಲೆ ಊದಬೇಕು. ಒರಳಿನ ಗುಂಡನ್ನು ತಿರುಗಿಸಬೇಕು. ದಿನಕ್ಕೆ ನೂರು ಸಲವಾದರೂ ನೆಲವನ್ನು ಮುಟ್ಟಿ ಏಳಬೇಕಾಗಿತ್ತು. ಈಗ ನಲ್ಲಿಯ ನೀರು ಬಂದಿದೆ, ಗ್ಯಾಸಿನ ಒಲೆಯು ಕಟ್ಟೆಯ ಮೇಲೇರಿದೆ, ಮಿಕ್ಸರು ಒರಳಿನ ಸ್ಥಾನವನ್ನು ಪಡೆದಿದೆ, ಉದ್ದ ಹಿಡಿಯ ಪೊರಕೆ ಬಂದಿದೆ, ಕುರ್ಚಿಯಂತೆ ಕುಳಿತುಕೊಳ್ಳುವ ಪಾಯಿಖಾನೆಯೂ ಬಂದಿದೆ. ಇವೆಲ್ಲವೂ ಸ್ತ್ರೀಯರಿಗೆ ಉಪಕಾರಿಗಳೇ ಸರಿ. ಹೊಗೆ ತಪ್ಪಿದ್ದೊಂದೇ ಎಷ್ಟು ದೊಡ್ಡ ಲಾಭ! ಆದರೆ ಇವೆಲ್ಲ ಸೊಂಟದ ಎತ್ತರದಲ್ಲಿಯೇ ಇರುವವು. ಬೆಳಗಿನಿಂದ ರಾತ್ರಿಯ ವರೆಗೆ ದುಡಿದು ದಣಿದ ಗೃಹಿಣಿಯ ಮೊಣಕಾಲು ಒಂದು ಸಲವಾದರೂ ಪೂರ್ಣವಾಗಿ ಮಡಿಚಿರುವದಿಲ್ಲ, ಕೈಗಳು ಒಂದು ಸಲವಾದರೂ ತಲೆಯ ಮೇಲೆ ನೇರವಾಗಿ ಹೋಗಿರುವದಿಲ್ಲ. ದಣಿವು ಉಂಟು, ಬಳುಕು ಇಲ್ಲ.

ಇದರ ಕಾರಣವು ಕೀಲುಗಳ ರಚನೆಯಲ್ಲಿಯೇ ಇದೆ. ಎಲುಬುಗಳ ತುದಿಗೆ ಹೊದಿಸಿದಂತಿರುವ ಮೆದುವಾದ ಮೆಲ್ಲೆಲುಬಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿರುವ ಜಿಗುಟಾದ ದ್ರವದಿಂದಲೇ ಅದಕ್ಕೆ ಪೋಷಣೆ. ಕೀಲು ಮಡಿಚಿ ಬಿಡಿಸಿದಾಗ, ನೀರಿನಲ್ಲಿ ಹಿಂಡಿ ಬಿಟ್ಟ ಬಟ್ಟೆಯಂತೆ, ಆ ದ್ರವವು ಅದರೊಳಗೆ ಹೋಗಿ ಬರುವದು. ಚಲಿಸದ ಕೀಲಿಗೆ ಆಹಾರವೇ ದೊರೆಯದು. ಸ್ನಾಯುಗಳಾದರೂ ಮೂವತ್ತು ನಾಲ್ವತ್ತರ ನಂತರ ಮೆಲ್ಲಗೆ ಕ್ಷಯಿಸತೊಡಗುವವು. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬುಗಳು ಬೇಗ ಬೇಗ ಟೊಳ್ಳಾಗುವವು. ಆಗ ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದರೆ ಸೊಂಟದ ಎಲುಬೇ ಮುರಿದು, ಇಡೀ ಮನೆಯನ್ನು ನಡೆಸಿದವಳು ಮನೆಯವರ ಕೈಯನ್ನು ಕಾಯುವಂತಾಗುವದು.

ನೆಲದಿಂದ ಏಳುವದೆಂಬ ಸಣ್ಣ ಕೆಲಸವು ಎಷ್ಟು ಮಹತ್ವದ್ದೆಂಬದನ್ನು ದೂರದ ಬ್ರೆಜಿಲ್ ದೇಶದ ವೈದ್ಯರು ಅಳೆದು ನೋಡಿದ್ದಾರೆ. 51ರಿಂದ 80 ವರ್ಷದೊಳಗಿನ 2002 ಜನರನ್ನು ನೆಲದ ಮೇಲೆ ಕುಳ್ಳಿರಿಸಿ ಎಬ್ಬಿಸಿ, ಕೈಯೂರಿದರೆ, ಮೊಣಕಾಲೂರಿದರೆ ಗುಣಗಳನ್ನು ಕಳೆದು, ಮುಂದೆ ಕೆಲವು ವರ್ಷ ಅವರ ಆರೋಗ್ಯವನ್ನು ವಿಚಾರಿಸಿದರು. ಕಡಿಮೆ ಗುಣ ಪಡೆದವರಲ್ಲಿ ಮರಣವು ಹೆಚ್ಚಾಗಿತ್ತೆಂದು 2012ರಲ್ಲಿ ಅವರು ಪ್ರಕಟಿಸಿದರು. ನೆಲದ ಮೇಲೆ ಕೂತ ಮಾತ್ರಕ್ಕೆ ಆಯುಷ್ಯ ಬೆಳೆಯುವದೆಂದು ಇದರ ಅರ್ಥವಲ್ಲ. ಬಲ, ಬಳುಕು, ಸಮತೋಲ ಈ ಮೂರೂ ಕೂಡಿದಾಗಲೇ ಮನುಷ್ಯನು ಕೈಯೂರದೆ ಏಳಬಲ್ಲನು. ಆ ಮೂರೂ ನಮ್ಮಲ್ಲಿ ಉಳಿದಿವೆಯೇ ಎಂಬುದಕ್ಕೆ ಅದು ಸುಲಭವಾದ ಪರೀಕ್ಷೆಯೆಂದು ತಿಳಿಯಬೇಕು.

“ನಮಗೆ ಮನೆಗೆಲಸವೇ ಬೇಕಾದಷ್ಟಿದೆ; ವ್ಯಾಯಾಮವೆಂಬುದು ಪೇಟೆಯವರ ಸೋಗು” ಎಂದು ಅನೇಕ ತಾಯಂದಿರು ಹೇಳುವರು. ಅಡಿಕೆಯ ಸುಗ್ಗಿಯನ್ನು ಕಂಡವರಿಗೆ ಇದಕ್ಕೆ ಉತ್ತರ ಹೊಳೆಯುವದು. ಚಳಿಗಾಲದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಒಂದೇ ಭಂಗಿಯಲ್ಲಿ ಕುಳಿತು, ಒಂದೇ ಕಾಲಿನಿಂದ ಮಣೆಯನ್ನು ಅದುಮಿ ಹಿಡಿದು, ತಾಸುಗಟ್ಟಲೆ ಅಡಿಕೆ ಸುಲಿಯುವ ಹೆಂಗಸರು ಎಷ್ಟು ದುಡಿಯುವರು! ಆದರೆ ಏಳುವಾಗ ಸೊಂಟ ಹಿಡಿದುಕೊಂಡೇ ಏಳುವರು. ದುಡಿಮೆಯು ಕೆಲಸದ ಅನುಕೂಲವನ್ನು ನೋಡುವದೇ ಹೊರತು ಶರೀರದ ಅನುಕೂಲವನ್ನು ನೋಡುವದಿಲ್ಲ. ಅದು ಕೆಲವು ಅಂಗಗಳನ್ನು ಸವೆಸಿ, ಕೆಲವನ್ನು ತುಕ್ಕು ಹಿಡಿಸುವದು. ವ್ಯಾಯಾಮವು ಎಲ್ಲ ಅಂಗಗಳಿಗೂ ಸರದಿಯಂತೆ ಕೆಲಸವನ್ನೂ ವಿಶ್ರಾಂತಿಯನ್ನೂ ಕೊಡುವದು.

ಇನ್ನು ಕೆಲವರು “ನನ್ನ ಮೈ ಮೊದಲಿನಿಂದಲೇ ಬಿಗಿ, ಈಗ ಬಾಗುವದೇ?” ಎಂದು ಕೈಬಿಡುವರು. ಅಂಥವರು ಬಿ. ಕೆ. ಎಸ್. ಅಯ್ಯಂಗಾರರ ಚರಿತ್ರೆಯನ್ನು ನೆನೆಯಲಿ. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ವಿಷಮಜ್ವರ, ಕ್ಷಯ ಇವುಗಳಿಂದ ಬಳಲಿ ಕಡ್ಡಿಯಂತಾಗಿದ್ದರು. 1934ರಲ್ಲಿ ಮೈಸೂರಿಗೆ ಭಾವನವರಾದ ಕೃಷ್ಣಮಾಚಾರ್ಯರ ಬಳಿಗೆ ಬಂದಾಗ, ಮುಂದಕ್ಕೆ ಬಾಗಿದರೆ ಅವರ ಕೈ ಮೊಣಕಾಲಿನಾಚೆಗೆ ಹೋಗುತ್ತಿರಲಿಲ್ಲ. ಅಂಥ ಶರೀರವೇ ನಿತ್ಯದ ಅಭ್ಯಾಸದಿಂದ ಲೋಕಕ್ಕೆ ಆಸನಗಳನ್ನು ಕಲಿಸುವಂತಾಯಿತು; 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಇದರಲ್ಲಿ ನಮಗೆ ಅಭಿಮಾನಪಡತಕ್ಕ ಸಂಗತಿಯೊಂದಿದೆ. 1936ರ ಸುಮಾರಿಗೆ ಗುರುಗಳೊಡನೆ ಅವರು ಧಾರವಾಡದ ಕಡೆಗೆ ಬಂದಾಗ, ಅಲ್ಲಿಯ ಸ್ತ್ರೀಯರು ತಮಗೂ ಆಸನಗಳನ್ನು ಕಲಿಸಬೇಕೆಂದು ಕೇಳಿಕೊಂಡರು. ಶಿಷ್ಯರಲ್ಲಿ ಎಲ್ಲರಿಗಿಂತ ಕಿರಿಯನೆಂಬ ಕಾರಣದಿಂದ ಆ ಕೆಲಸವು ಈ ಹುಡುಗನ ಪಾಲಿಗೆ ಬಂತು. ಸ್ತ್ರೀಯರು ಮನೆಯ ಅಂಗಳದಲ್ಲಿ ಓಡಿದರೂ ಮಾತು ಬರುತ್ತಿದ್ದ ಆ ದಿನಗಳಲ್ಲಿ, ಅವರು ಸಂಕೋಚವನ್ನು ಬಿಟ್ಟು ಕೇಳಿದ್ದು ಸಣ್ಣ ಮಾತಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹಣದ ವೆಚ್ಚವಿಲ್ಲದೆ, ಯಂತ್ರಗಳ ಸಹಾಯವಿಲ್ಲದೆ, ನಮ್ಮ ಮನೆಗಳಲ್ಲಿಯೇ ನಡೆಯುವಂಥ ಕೆಲವು ಪರಿಪಾಠಗಳನ್ನು ಇಲ್ಲಿ ಸೂಚಿಸುವೆನು.

ಮೊದಲನೆಯದು, ದಿನಕ್ಕೆ ಒಂದು ಊಟವನ್ನಾದರೂ ಮನೆಯವರೆಲ್ಲರೂ ನೆಲದ ಮೇಲೆ ಕುಳಿತು ಮಾಡತಕ್ಕದ್ದು. ಕೂಡುವಾಗ ದೊಪ್ಪನೆ ಬೀಳದೆ ಮೆಲ್ಲಗೆ ಇಳಿಯಬೇಕು. ಏಳುವಾಗ ಆದಷ್ಟು ಕೈಯೂರದೆ ಏಳಬೇಕು. ಅಭ್ಯಾಸ ತಪ್ಪಿದವರು ಆರಂಭದಲ್ಲಿ ಎತ್ತರದ ಮಣೆಯನ್ನಿಟ್ಟು, ಕಂಬದ ಆಸರೆ ಹಿಡಿದು ಮಾಡಲಿ.

ಎರಡನೆಯದು, ಬೆಳಿಗ್ಗೆ ಒಲೆ ಹಚ್ಚುವದಕ್ಕೆ ಮುಂಚೆ ಹತ್ತು ನಿಮಿಷಗಳನ್ನು ನಿಮ್ಮದೆಂದು ಇಟ್ಟುಕೊಳ್ಳಿರಿ. ಕತ್ತು, ಹೆಗಲು, ಮಣಿಕಟ್ಟುಗಳನ್ನು ತಿರುಗಿಸಿ, ಕೈಗಳನ್ನು ಬಾಗಿಲ ಮೇಲಿನ ಚೌಕಟ್ಟಿನ ಕಡೆಗೆ ನೀಡಿ, ಬೆನ್ನನ್ನು ಎರಡೂ ಬದಿಗೆ ಹೊರಳಿಸಿ, ನಿಧಾನವಾಗಿ ಮುಂದಕ್ಕೆ ಬಾಗಿರಿ. ಉಸಿರು ಬಿಗಿಹಿಡಿಯಬೇಡಿರಿ, ಜಗ್ಗಾಡಬೇಡಿರಿ. ಎಳೆತವು ತಿಳಿಯಬೇಕು, ನೋವು ತಿಳಿಯಬಾರದು.

ಮೂರನೆಯದು, ಯಾವ ಭಂಗಿಯಲ್ಲಿಯೂ ಅರ್ಧ ತಾಸಿಗಿಂತ ಹೆಚ್ಚು ಇರಬಾರದು. ಅಡಿಕೆ ಸುಲಿಯುವವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆದು, ಬೆನ್ನು ನೆಟ್ಟಗೆ ಮಾಡಿ ಮತ್ತೆ ಕೂಡಲಿ. ಕೂಲಿ ಕೊಡುವವರು ಇದನ್ನು ಮೈಗಳ್ಳತನವೆಂದು ಭಾವಿಸದಿರಲಿ. ದೂರದರ್ಶನದ ಮುಂದೆ ಕೂತವರಿಗೂ, ಮೊಬೈಲಿನ ಮೇಲೆ ಕತ್ತು ಬಗ್ಗಿಸಿದ ಮಕ್ಕಳಿಗೂ ಇದೇ ನಿಯಮ.

ನಾಲ್ಕನೆಯದು, ಭಾರವೆತ್ತುವ ರೀತಿ. ಸೊಂಟವನ್ನು ಬಗ್ಗಿಸಿ ಎತ್ತದೆ, ಮೊಣಕಾಲುಗಳನ್ನು ಮಡಿಚಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಒಂದೇ ದೊಡ್ಡ ಬಕೀಟಿನ ಬದಲು ಎರಡು ಸಣ್ಣವುಗಳನ್ನು ಎರಡೂ ಕೈಯಲ್ಲಿ ಹಿಡಿದರೆ ಹೆಗಲುಗಳು ಸಮವಾಗಿ ಉಳಿಯುವವು.

ಐದನೆಯದು, ನಡಿಗೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸ ಬೇಕೆಂದೂ, 65 ದಾಟಿದವರು ಮೂರು ದಿನ ಸಮತೋಲದ ಅಭ್ಯಾಸಗಳನ್ನು ಮಾಡಬೇಕೆಂದೂ ಜಗತ್ತಿನ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಮನೆಯಿಂದ ತೋಟಕ್ಕೆ ಇಳಿದು ಹತ್ತುವ ನಮ್ಮ ದಾರಿಗಳೇ ಒಳ್ಳೆಯ ವ್ಯಾಯಾಮಶಾಲೆಗಳು. ಅರ್ಧ ಮೈಲಿಗೂ ಸ್ಕೂಟರು ಹತ್ತಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದಿದ್ದರೆ, ಉದ್ದ ಜಗುಲಿಯಲ್ಲಿಯೇ ಅತ್ತಿತ್ತ ನಡೆಯಿರಿ. ಅಲ್ಲಿಯ ಕಂಬ ಹಿಡಿದು ಒಂಟಿಗಾಲಿನಲ್ಲಿ ನಿಲ್ಲಿರಿ. ಮೆಟ್ಟಿಲಿನ ಮೇಲೆ ಹಿಮ್ಮಡಿಗಳನ್ನು ಎತ್ತಿ ಇಳಿಸಿರಿ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿರಿ. 1957ರಲ್ಲಿ ನೆರೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಸಿದ್ದಾಪುರದ ಕಡೆಯಲ್ಲಿಯೂ ಪ್ರಾಣಗಳನ್ನು ತೆಗೆದುಕೊಂಡಿದೆ. ಚಳಿಗಾಲ ಬೇಸಿಗೆಗಳಲ್ಲಿ, ಅದರಲ್ಲಿಯೂ ಮಂಗಗಳು ಸತ್ತು ಬಿದ್ದ ಕಡೆಗೆ, ನಡಿಗೆಯ ನೆವದಿಂದ ಹೋಗಬಾರದು. ಸೊಪ್ಪು ದರಕುಗಳಿಗಾಗಿ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಮರಳಿದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ ಉಣುಗುಗಳನ್ನು ನೋಡಿಕೊಳ್ಳತಕ್ಕದ್ದು.

ಮೊಣಕಾಲು ಊದಿದವರು, ಗರ್ಭಿಣಿಯರು, ಹೃದ್ರೋಗವುಳ್ಳವರು ವೈದ್ಯರ ಸಲಹೆಯನ್ನು ಕೇಳಿಯೇ ಆರಂಭಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆಹಾರದ ವಿಷಯದಲ್ಲಿ ಹಾಲು ಮಜ್ಜಿಗೆ, ರಾಗಿ, ಹಿತ್ತಿಲ ಸೊಪ್ಪು ಇವುಗಳನ್ನು ಗಂಡಸರಿಗೂ ಮಕ್ಕಳಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಾನುಣ್ಣುವ ರೂಢಿಯನ್ನು ಬಿಡಿರಿ ಎಂದಷ್ಟೇ ಹೇಳುವೆನು.

ಆದರೆ ಇಷ್ಟೆಲ್ಲ ಬರೆದ ಮೇಲೆ ಒಂದು ಪ್ರಶ್ನೆಯು ಉಳಿಯುವದು. ಈ ಹತ್ತು ನಿಮಿಷ, ಈ ಅರ್ಧ ತಾಸು, ಗೃಹಿಣಿಗೆ ಎಲ್ಲಿಂದ ದೊರೆಯಬೇಕು? ಮಿಕ್ಸರು ಉಳಿಸಿದ ಹೊತ್ತನ್ನು ಮತ್ತೊಂದು ಕೆಲಸವು ಬಂದು ನುಂಗಿಬಿಡುವದು. ಮನೆಯ ಗಂಡಸರೂ ಹುಡುಗರೂ ತಮ್ಮ ಎಲೆಯನ್ನು ತಾವೇ ತೆಗೆದು, ಹಾಸಿಗೆಯನ್ನು ತಾವೇ ಮಡಿಚಿ, ಅಂಗಳವನ್ನು ತಾವೇ ಗುಡಿಸಿದರೆ, ತಾಯಿಗೆ ಹೊತ್ತು ದೊರೆಯುವದು, ಅವರಿಗೂ ಸೊಂಟ ಬಾಗುವದು. ಸ್ತ್ರೀಯ ಆರೋಗ್ಯಕ್ಕೆ ಮನೆಯವರು ಕೊಡಬೇಕಾದ ಔಷಧವು ಇದೇ.

ಪಾಲಕರಲ್ಲಿ ಇನ್ನೊಂದು ವಿಜ್ಞಾಪನೆ. ಹುಡುಗಿಯು ದೊಡ್ಡವಳಾದಳೆಂದು ಅವಳ ಆಟವನ್ನು ನಿಲ್ಲಿಸಬೇಡಿರಿ. ಎಲುಬುಗಳು ಗಟ್ಟಿಯಾಗುವ ಕಾಲವೇ ಅದು; ಆಗ ಓಡಿ ಜಿಗಿದು ಕೂಡಿಟ್ಟ ಬಲವೇ ಅರುವತ್ತರ ವಯಸ್ಸಿನಲ್ಲಿ ಬಳಕೆಗೆ ಬರುವದು. ಮಗಳ ಮದುವೆಗೆಂದು ಚಿನ್ನವನ್ನು ಕೂಡಿಸುವ ತಂದೆತಾಯಿಗಳು ಈ ಎಲುಬಿನ ಗಂಟನ್ನು ಮರೆಯುವದು ವಿಷಾದದ ಸಂಗತಿ.

ನಮ್ಮ ಶಾಲೆಯ ಅಂಗಳದಲ್ಲಿ ಕವಾಯತಿನ ಗಂಟೆ ಬಾರಿಸಿದ ಕೂಡಲೆ ನಾವೆಲ್ಲರೂ ಸಾಲಾಗಿ ನಿಂತು ಕೈಗಳನ್ನು ಒಟ್ಟಿಗೆ ಮೇಲೆತ್ತುತ್ತಿದ್ದೆವು. ಶಾಲೆಯನ್ನು ಬಿಟ್ಟ ದಿನವೇ ಆ ಕೈಗಳು ಕೆಳಗಿಳಿದವು. ಗಂಟೆ ಬಾರಿಸುವವರು ಇಲ್ಲವಾದರು. ಇನ್ನು ಮುಂದೆ ಆ ಗಂಟೆಯನ್ನು ನಾವೇ ಬಾರಿಸಿಕೊಳ್ಳಬೇಕು. ಆ ಮದುವೆಯ ಮರುದಿನ ನನ್ನ ಗೆಳತಿಯು “ಎಲ್ಲಿಂದ ಸುರುಮಾಡಲಿ?” ಎಂದು ಕೇಳಿದಳು. “ಇಂದಿನ ರಾತ್ರಿಯ ಊಟಕ್ಕೆ ಮಣೆಯನ್ನು ಹಾಕು” ಎಂದೆನು. ನಿಮ್ಮೆಲ್ಲರಿಗೂ ನನ್ನ ಬಿನ್ನಹ ಅದೇ.