ಬೇಲಿಯಾಚೆ ಕೂತು ಕೇಳಿದ್ದು ಸಾಕು!

ಕಟ್ಟಾಯದಿಂದ, ಅರಕಲಗೂಡಿನಿಂದ, ಹೊಳೆನರಸೀಪುರದಿಂದ, ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದ ಗೆಳೆಯರೇ, ಬೇಸಿಗೆಯ ಸಂಜೆ ಏನು ಮಾಡುತ್ತೀರಿ? ಶೀಟು ಹೊದಿಸಿದ ಬಾಡಿಗೆ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೊಬೈಲು ಉಜ್ಜುತ್ತೀರಿ. ಅದೇ ಹೊತ್ತಿಗೆ ಎರಡು ಬೀದಿ ಆಚೆ, ಬಯಲಿನಲ್ಲಿ, ಒಂದು ಕಾಸೂ ಬಿಚ್ಚದೆ ಕೇಳಬಹುದಾದ ಸಂಗೀತ ನಡೆಯುತ್ತಿರುತ್ತದೆ.

ಯುಗಾದಿ ಕಳೆದು ರಾಮನವಮಿ ಬಂತೆಂದರೆ ಈ ಊರಿನ ಬಡಾವಣೆಗಳಲ್ಲಿ ಚಪ್ಪರ ಏಳುತ್ತದೆ. ಪಾನಕ, ಕೋಸಂಬರಿ, ಮಜ್ಜಿಗೆ, ಆಮೇಲೆ ಕಚೇರಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಲಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದ್ದು 1939ರಲ್ಲಿ. ಕೋಟೆ ಹೈಸ್ಕೂಲ್ ಮೈದಾನದ ಆ ಚಪ್ಪರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ನಮ್ಮ ಭೀಮಸೇನ ಜೋಶಿ ಹಾಡಿದ್ದಾರೆ. ಒಳಗಿನ ಕುರ್ಚಿಗೆ ಟಿಕೆಟ್ಟಿದ್ದರೇನು, ಬೇಲಿಯಾಚೆ ರಸ್ತೆಬದಿಯಲ್ಲಿ ಕೂತು ಧ್ವನಿವರ್ಧಕದಲ್ಲಿ ಕೇಳಿದ ಬೆಂಗಳೂರಿಗರಿಗೆ ಯಾರೂ ಟಿಕೆಟ್ ಕೇಳಲಿಲ್ಲ. ಸಣ್ಣಪುಟ್ಟ ಬಡಾವಣೆಗಳ ಚಪ್ಪರಗಳಲ್ಲಂತೂ ಬೇಲಿಯೂ ಇಲ್ಲ. ತಣ್ಣನೆಯ ಗಾಳಿ, ಮಲ್ಲಿಗೆಯ ವಾಸನೆ, ಮೃದಂಗದ ಪೆಟ್ಟು. ಇದಕ್ಕಿಂತ ಸುಖ ಬೇಕೆ?

ಆದರೆ ಒಂದು ಪ್ರಶ್ನೆ. ಆ ಮೂರು ಗಂಟೆಯಲ್ಲಿ ಕನ್ನಡ ಎಷ್ಟು ನಿಮಿಷ?

ತನಿಯಾವರ್ತನ ಮುಗಿಯಬೇಕು. ಅರ್ಧ ಜನ ಚಪ್ಪಲಿ ಹುಡುಕಲು ಏಳಬೇಕು. ಆಗ ಬರುತ್ತದೆ ಕನ್ನಡ, ಐದು ನಿಮಿಷದ ದೇವರನಾಮವಾಗಿ. ಊಟವೆಲ್ಲಾ ಆದ ಮೇಲೆ ಎಲೆಯಡಿಕೆ ಕೊಟ್ಟ ಹಾಗೆ! ಎಷ್ಟೋ ಕಡೆ ಕಲಾವಿದರನ್ನು ಪರಿಚಯಿಸುವ ಮಾತೂ ಇಂಗ್ಲಿಷಿನಲ್ಲೇ.

ಈ ಸಂಗೀತ ಕಲಿಯುವ ಮಗು, ಅದು ಚೆನ್ನೈನಲ್ಲಿರಲಿ ಅಮೆರಿಕದಲ್ಲಿರಲಿ, ಮೊದಲು ಬಾಯಿಬಿಡುವುದು ಮಾಯಾಮಾಳವಗೌಳದ ಸರಳೆಗೆ. ಆ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಗೀತಲೋಕವೇ ಒಪ್ಪಿದೆ. ತ್ಯಾಗರಾಜರೇ ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ದಾಸರಿಗೆ ನಮಸ್ಕರಿಸಿದ್ದಾರೆ. ಪಾಠಕ್ಕೆ ದಾಸರು ಬೇಕು, ಕಚೇರಿಯ ನಡುಮನೆಗೆ ಬೇಡ. ಇದು ಯಾವ ನ್ಯಾಯ?

ತ್ಯಾಗರಾಜರ ಮೇಲಾಗಲಿ, ತೆಲುಗಿನ ಮೇಲಾಗಲಿ ನಮಗೆ ಜಗಳವಿಲ್ಲ. ತಪ್ಪು ನಮ್ಮಲ್ಲೂ ಇದೆ. ಮೈಸೂರು ವಾಸುದೇವಾಚಾರ್ಯರಂಥ ಮಹಾನುಭಾವರು ಕನ್ನಡ ನೆಲದಲ್ಲೇ ಬಾಳಿ ಹೆಚ್ಚಾಗಿ ಕೃತಿ ರಚಿಸಿದ್ದು ತೆಲುಗು, ಸಂಸ್ಕೃತದಲ್ಲಿ. ಪಕ್ಕದ ತಮಿಳರನ್ನು ನೋಡಿ. ಅವರಿಗೂ ಇದೇ ನೋವಿತ್ತು. ಅಣ್ಣಾಮಲೈ ಚೆಟ್ಟಿಯಾರ್ ಮುಂದೆ ನಿಂತರು, 1943ರಲ್ಲಿ ಚೆನ್ನೈಯಲ್ಲಿ ತಮಿಳ್ ಇಸೈ ಸಂಘ ಎದ್ದಿತು. ದೊಡ್ಡ ವಿದ್ವಾಂಸರು ಮೂಗು ಮುರಿದರು, ಪತ್ರಿಕೆಗಳಲ್ಲಿ ವಾಗ್ವಾದವಾಯಿತು. ತಮಿಳು ಹಾಡು ವೇದಿಕೆಯಲ್ಲಿ ತನ್ನ ಜಾಗ ಹಿಡಿಯಿತು. ಕಲ್ಲು ತೂರಿ ಅಲ್ಲ, ಹಾಡಿಸಿ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ದಾರಿ ತೋರಿಸಿದವರಿದ್ದಾರೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಗೊತ್ತಲ್ಲ? ಮನೆಮನೆಗೊಬ್ಬ ಸಂಗೀತಗಾರ ಎನ್ನಿಸಿಕೊಂಡ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, 2014ರಲ್ಲಿ ತೀರಿಕೊಳ್ಳುವ ತನಕ ದಾಸರ ಪದಗಳನ್ನು ಕೃತಿಗಳ ಗತ್ತಿನಲ್ಲೇ ಹಾಡಿದರು. ಅವರ ಮನೆಮಾತು ಸಂಕೇತಿ ಎಂಬುದನ್ನೂ ನೆನಪಿಡಿ. ಕನ್ನಡ ಉಳಿಸುವವರು ಯಾರು ಎಂದು ಮನೆಮಾತು ಕೇಳಿ ಲೆಕ್ಕ ಹಾಕುವ ನಮ್ಮ ಕೆಲವು ಗೆಳೆಯರಿಗೆ ಈ ಮಾತು. ಆ ಊರಿನವರೇ ಆದ ಆರ್.ಕೆ. ಪದ್ಮನಾಭ ತಂಬೂರಿಯ ಆಕಾರದ ಮಂದಿರ ಕಟ್ಟಿಸಿ, ಹೊಳೆಯ ದಡದಲ್ಲಿ ಸಂಗೀತೋತ್ಸವ ನಡೆಸಿಕೊಂಡು ಬಂದಿದ್ದಾರೆ. ಕಟ್ಟಾಯದ ಹುಡುಗ ಬೆಂಗಳೂರಿನ ಚಪ್ಪರದ ಹೊರಗೆ "ಇದು ನಮ್ಮಂಥವರಿಗಲ್ಲ" ಎಂದು ಹಿಂಜರಿಯುವುದು ನಮಗೆ ಅರ್ಥವಾಗುವುದಿಲ್ಲ.

ಈ ಬೇಸಿಗೆ ಹೋಗಿ. ಗುಂಪಾಗಿ ಹೋಗಿ, ಮುಂದಿನ ಸಾಲಿನಲ್ಲಿ ಕೂರಿ. ರಾಗದ ಹೆಸರು ತಿಳಿಯದಿದ್ದರೆ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ. ಕೂಗಾಡಬೇಡಿ, ಹಾಡುವಾಗ ಘೋಷಣೆ ಕೂಗುವವನು ಕನ್ನಡದ ಗೆಳೆಯನಲ್ಲ. ಚಪ್ಪಾಳೆ ಮಾತ್ರ ಗಟ್ಟಿಯಾಗಿ ಹೊಡೆಯಿರಿ. ವೇದಿಕೆಗೆ ಒಂದು ಚೀಟಿ ಕಳಿಸಿ: ದಾಸರ ಪದವೊಂದನ್ನು ವಿಸ್ತಾರವಾಗಿ, ಆಲಾಪನೆ ಸಮೇತ ಹಾಡಿ ಎಂದು. ಒಂದು ಚೀಟಿ ಹೋದರೆ ಪಕ್ಕಕ್ಕಿಡುತ್ತಾರೆ. ಇಪ್ಪತ್ತು ಹೋದರೆ ಪಿಟೀಲಿನವರ ಕಡೆ ತಿರುಗಿ ನೋಡುತ್ತಾರೆ.

ಚೀಟಿ ಕನ್ನಡದಲ್ಲೇ ಇರಲಿ. ತನಿಗೆ ಮೊದಲೇ ವೇದಿಕೆ ತಲುಪಲಿ. ತಡವಾದರೆ ಮತ್ತೆ ಅದೇ ಐದು ನಿಮಿಷದ ಎಲೆಯಡಿಕೆ.