ಅಳೆಯದೆ ಹಾಕಿದ ಆಯಿಲ್

ಕಾರಿನ ಎಸಿಗೆ ಗ್ಯಾಸ್ ತುಂಬಿಸುವಾಗಲೆಲ್ಲ ಆಯಿಲ್ ಹಾಕಬೇಕಿಲ್ಲ ಎಂದು ನಾನು ಹೇಳಿದ್ದಕ್ಕೆ ನಮ್ಮ ಕಸುಬಿನವರೇ ಮುನಿಸಿಕೊಂಡಿದ್ದಾರೆ. ‘ನೀವು ಪುಸ್ತಕ ಓದಿ ರಿಪೇರಿ ಕಲಿತವರು, ನಾವು ಕೈ ಕಪ್ಪು ಮಾಡಿಕೊಂಡು ಕಲಿತವರು’ ಎಂದು ಒಬ್ಬರು ಫೋನಿನಲ್ಲೇ ಗದರಿದರು. ನನ್ನ ಕೈಯೇನೂ ಬೆಳ್ಳಗಿಲ್ಲ. ಬಾನೆಟ್ ಎತ್ತಿಟ್ಟ ಕಾರಿನ ಮುಂದೆ ಇಪ್ಪತ್ತು ಬೇಸಿಗೆ ಬೆವರಿದ್ದೇನೆ. ಇರಲಿ, ಅವರ ಮಾತುಗಳಿಗೇ ಬರೋಣ.

‘ಗ್ಯಾಸ್ ಹೋಗಿದೆ ಅಂದಮೇಲೆ ಆಯಿಲ್ಲೂ ಹೋಗಿರಲೇಬೇಕು’ ಎನ್ನುವುದು ಮೊದಲ ವಾದ. ಎಂಜಿನ್ ಆಯಿಲ್ ಉರಿಯುತ್ತದೆ, ಕೊಳೆಯಾಗುತ್ತದೆ, ಬದಲಿಸುತ್ತೇವೆ. ಅದೇ ಲೆಕ್ಕವನ್ನು ಎಸಿಗೂ ಹಚ್ಚಿದ್ದರಿಂದ ಹುಟ್ಟಿದ ಮಾತಿದು. ಎಸಿಯೊಳಗೆ ಏನೂ ಉರಿಯುವುದಿಲ್ಲ. ಆರ್-134ಎ ಗ್ಯಾಸು ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುವಂಥದು. ಹೋಸ್ ಪೈಪಿನ ರಬ್ಬರಿನಲ್ಲೋ ಶಾಫ್ಟ್ ಸೀಲಿನಲ್ಲೋ ಕೂದಲೆಳೆಯಷ್ಟು ಜಾಗ ಸಿಕ್ಕರೆ ಸಾಕು, ಆವಿಯಾಗಿ ನುಸುಳುತ್ತದೆ. ಆಯಿಲ್ ಬಹುಪಾಲು ಒಳಗೇ ಉಳಿಯುತ್ತದೆ. ಲೀಕಾದ ಜಾಯಿಂಟಿನ ಮೇಲೆ ಧೂಳು ಹಿಡಿದ ಜಿಡ್ಡನ್ನು ಬೆರಳಲ್ಲಿ ಒರೆಸಿ ನೋಡಿ, ಹೊರಬಿದ್ದದ್ದು ಎಷ್ಟೆಂದು ಅಲ್ಲೇ ತಿಳಿಯುತ್ತದೆ. ಆದರೆ ಹೈವೇಯಲ್ಲಿ ಕಲ್ಲು ಸಿಡಿದು ಕಂಡೆನ್ಸರ್ ತೂತಾಗಿ, ಬುಸ್ಸೆಂದು ಒಂದೇ ಸಲಕ್ಕೆ ಗ್ಯಾಸ್ ಖಾಲಿಯಾಗಿದ್ದರೆ ಸಂಗತಿ ಬೇರೆ. ಆಗ ಗ್ಯಾಸಿನ ಜೊತೆ ಆಯಿಲ್ಲೂ ಎದ್ದು ಹೋಗಿರುತ್ತದೆ, ಅದನ್ನು ತುಂಬಲೇಬೇಕು. ಅಲ್ಲಿ ನಾನು ಅವರ ಕಡೆಯೇ.

ಎರಡನೆಯದು, ‘ವ್ಯಾಕ್ಯೂಮ್ ಪಂಪು ಆಯಿಲ್ಲನ್ನೂ ಎಳೆದುಬಿಡುತ್ತದೆ.’ ಇಲ್ಲ. ವ್ಯಾಕ್ಯೂಮ್ ಮಾಡುವುದು ಒಳಗಿನ ಗಾಳಿ ತೆಗೆಯುವುದಕ್ಕೆ, ತೇವವನ್ನು ಆವಿ ಮಾಡಿ ಹೊರಗೆಳೆಯುವುದಕ್ಕೆ. ಒತ್ತಡ ಅಷ್ಟು ಇಳಿದಾಗ ನೀರು ಮಾಮೂಲಿ ಬಿಸಿಯಲ್ಲೇ ಕುದಿಯುತ್ತದೆ, ಆಯಿಲ್ ಕುದಿಯುವುದಿಲ್ಲ. ಆಯಿಲ್ ಕಳೆಯುವವರು ಪಂಪಿಗಿಂತ ಮೊದಲೇ ಕೈಹಾಕಿರುತ್ತಾರೆ: ಪಿನ್ನು ಒತ್ತಿ ಹಳೆಯ ಗ್ಯಾಸನ್ನು ಗಾಳಿಗೆ ಬಿಡುವವರು. ಆಗ ಅಡ್ಡ ಹಿಡಿದ ಬಟ್ಟೆ ತೊಯ್ದಿರುವುದನ್ನು ನೀವೂ ಕಂಡಿದ್ದೀರಿ. (ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುವ ಗ್ಯಾಸದು, ಹಾಗೆ ಬಿಡುವುದೇ ತಪ್ಪು.) ರಿಕವರಿ ಮಷೀನಿನಲ್ಲಿ ತೆಗೆದರೆ ಗ್ಯಾಸಿನೊಂದಿಗೆ ಬಂದ ಆಯಿಲ್ ಬೇರೆಯಾಗಿ ಬಾಟಲಿಗೆ ಇಳಿಯುತ್ತದೆ. ಅಲ್ಲಿ 10 ಎಂಎಲ್ ಕಂಡರೆ ಹೊಸ ಆಯಿಲ್ 10 ಎಂಎಲ್ ಹಾಕಿ. ಮುಗಿಯಿತು.

‘ಸ್ವಲ್ಪ ಹೆಚ್ಚಾದರೆ ಏನು ಗಂಟು ಹೋಗುತ್ತೆ?’ ನನ್ನ ಜಗಳವೆಲ್ಲ ಈ ಮಾತಿನ ಮೇಲೆ. ಚಿಕ್ಕ ಕಾರುಗಳಲ್ಲಿ ಇಡೀ ಸಿಸ್ಟಮ್ಮಿಗೆ ಬೇಕಾದ ಆಯಿಲ್ಲೇ ಸುಮಾರು 100ರಿಂದ 150 ಎಂಎಲ್. ಎಷ್ಟಿದೆ ಎಂದು ನೋಡಲು ಡಿಪ್‌ಸ್ಟಿಕ್ ಇಲ್ಲ. ಗ್ಯಾಸ್ ಹಾಕಿದಾಗಲೆಲ್ಲ ಒಗ್ಗರಣೆಗೆ ಹಾಕಿದಂತೆ ಒಂದಿಷ್ಟು ಸುರಿದರೆ ಅದು ಎಲ್ಲಿಗೆ ಹೋಗಬೇಕು? ಕೂಲಿಂಗ್ ಕಾಯಿಲ್ ಮತ್ತು ಕಂಡೆನ್ಸರಿನ ಒಳಗೋಡೆಗೆ ಪೊರೆಯಂತೆ ಹತ್ತಿಕೊಂಡು ಶಾಖ ದಾಟದಂತೆ ತಡೆಯುತ್ತದೆ. ಗ್ಯಾಸಿಗೆ ಇರಬೇಕಾದ ಜಾಗವನ್ನೂ ತಿನ್ನುತ್ತದೆ.

ಒಬ್ಬ ನಿವೃತ್ತ ಮೇಷ್ಟ್ರು ಮೂರು ವರ್ಷ ಯುಗಾದಿ ಹೊತ್ತಿಗೆ ಬೇರೆಬೇರೆ ಕಡೆ ಗ್ಯಾಸ್ ಹಾಕಿಸಿ, ನಾಲ್ಕನೇ ವರ್ಷ ನನ್ನಲ್ಲಿಗೆ ಬಂದರು. ಪ್ರತಿ ಬಿಲ್ಲಿನಲ್ಲೂ ‘ಗ್ಯಾಸ್ + ಆಯಿಲ್’. ಹೈ ಸೈಡ್ ಗೇಜು ಮೇಲಕ್ಕೇರಿತ್ತು, ಡ್ಯಾಶಿನಿಂದ ಬರುತ್ತಿದ್ದದ್ದು ಉಗುರುಬೆಚ್ಚಗಿನ ಗಾಳಿ. ಕಂಪ್ರೆಸರ್ ಬಿಚ್ಚಿ ತಲೆಕೆಳಗು ಹಿಡಿದು, ಹಬ್ ಕೈಯಲ್ಲಿ ತಿರುಗಿಸುತ್ತ ಕೆಮ್ಮಿನ ಸಿರಪ್ಪಿನ ಅಳತೆ ಕಪ್ಪಿಗೆ ಬಗ್ಗಿಸಿದೆವು. ಕಪ್ಪು ತುಂಬುತ್ತಲೇ ಹೋಯಿತು. ಕಂಪ್ರೆಸರ್ ಒಂದರಿಂದಲೇ 140 ಎಂಎಲ್ ಬಂತು. ಕಂಪನಿ ಇಡೀ ಸಿಸ್ಟಮ್ಮಿಗೆ ಹೇಳಿದ್ದೇ 120. ಲೈನು, ಕಾಯಿಲ್ ಫ್ಲಶ್ ಮಾಡಿ, ಡ್ರೈಯರ್ ಬದಲಿಸಿ, ಅಳೆದು 120 ಹಾಕಿ, ಬಾನೆಟ್ಟಿನ ಸ್ಟಿಕ್ಕರ್ ನೋಡಿ ಗ್ಯಾಸ್ ತೂಕ ಮಾಡಿ ಬಿಟ್ಟೆವು. ಮೇಷ್ಟ್ರು ಹೋಗುವಾಗ ಕಿಟಕಿ ಏರಿಸಿಕೊಂಡೇ ಹೋದರು. ಅಂದಹಾಗೆ, ವರ್ಷವರ್ಷ ಗ್ಯಾಸ್ ಹೋಗುತ್ತಿದ್ದದ್ದು ಒಂದು ಸೀಳಿದ ಓ-ರಿಂಗಿನಿಂದ. ಮೂರು ಬಿಲ್ಲಿನಲ್ಲಿ ಒಂದರಲ್ಲೂ ಅದರ ಹೆಸರಿರಲಿಲ್ಲ.

‘ಸದ್ದು ಬರುತ್ತಿದ್ದರೆ ಆಯಿಲ್ ಹಾಕಿದರೆ ನಿಲ್ಲುತ್ತೆ’ ಎಂದೂ ಒಬ್ಬರು ಹೇಳಿದ್ದಾರೆ. ಎಸಿ ಆಫ್ ಮಾಡಿದರೂ ಸದ್ದು ಇದ್ದರೆ ಮೊದಲು ಪುಲ್ಲಿಯ ಬೇರಿಂಗ್ ನೋಡಬೇಕು. ಸೀಲ್ ಮಾಡಿದ ಗ್ರೀಸ್ ಬೇರಿಂಗ್ ಅದು. ಒಳಗಿನ ಆಯಿಲ್ ಅದರ ಹತ್ತಿರಕ್ಕೂ ಸುಳಿಯದು.

ಇನ್ನು ‘ಯಾವ ಆಯಿಲ್ ಆದರೇನು, ಜಿಡ್ಡಿದ್ದರೆ ಸರಿ’ ಎನ್ನುವವರು. ಆರ್-12 ಕಾಲದಲ್ಲಿ ಮಿನರಲ್ ಆಯಿಲ್ ನಡೆಯುತ್ತಿತ್ತು. ಓಝೋನ್ ಪದರ ಉಳಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿ, ಆರ್-12 ಹಿಂದೆ ಸರಿದು ಆರ್-134ಎ ಬಂತು. ಈ ಗ್ಯಾಸಿನಲ್ಲಿ ಮಿನರಲ್ ಆಯಿಲ್ ಬೆರೆಯುವುದಿಲ್ಲ. ಬೆರೆಯದ ಆಯಿಲ್ ಗ್ಯಾಸಿನ ಜೊತೆ ಸುತ್ತಿ ಕಂಪ್ರೆಸರಿಗೆ ಸರಿಯಾಗಿ ಮರಳುವುದಿಲ್ಲ. ಅದಕ್ಕೇ ಪ್ಯಾಗ್ ಆಯಿಲ್ ಬಂದದ್ದು. ಅದರಲ್ಲೂ 46, 100, 150 ಎಂದು ಮಂದದ ನಂಬರುಗಳಿವೆ. ನಂಬರು ಕಂಪ್ರೆಸರಿನ ಲೇಬಲ್ಲಿನಲ್ಲೋ ಮ್ಯಾನ್ಯುಯಲ್ಲಿನಲ್ಲೋ ಸಿಗುತ್ತದೆ. ಡಬ್ಬಿ ತೆರೆದಿಟ್ಟರೆ ಮಳೆಗಾಲದ ಉಪ್ಪಿನ ಹಾಗೆ ತೇವ ಹೀರುತ್ತದೆ. ಹೋದ ವರ್ಷ ತೆರೆದ ಡಬ್ಬಿಯನ್ನು ಈ ವರ್ಷ ಸುರಿಯುವವರಿಗೆ ಏನು ಹೇಳುವುದು! ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಂತೂ ಕಂಪ್ರೆಸರಿನೊಳಗೇ ಹೈ ವೋಲ್ಟೇಜ್ ಮೋಟಾರಿದ್ದು, ಅದರ ಸುರುಳಿ ಗ್ಯಾಸು ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಹೆಚ್ಚಿನವಕ್ಕೆ ಕರೆಂಟು ದಾಟಿಸದ ಪಿಒಇ ಆಯಿಲ್ಲೇ ಬೇಕು. ಅಲ್ಲಿ ಮಾಮೂಲಿ ಪ್ಯಾಗ್ ಬೆರೆತರೆ ಇನ್ಸುಲೇಷನ್ ಕೆಟ್ಟು ಕಂಪ್ರೆಸರನ್ನೇ ಬದಲಿಸಬೇಕಾದೀತು.

ಕೊನೆಯ ಆಕ್ಷೇಪ ಎದುರು ದಿಕ್ಕಿನಿಂದ ಬಂದದ್ದು. ‘ಆಯಿಲ್ ಹಾಕಬೇಡಿ ಎಂದಿರಿ, ಹಾಕಿಸಲಿಲ್ಲ, ಕಂಪ್ರೆಸರ್ ಸೀಜ್ ಆಯಿತು’ ಎಂದು ಒಬ್ಬರು ನೊಂದು ಬರೆದಿದ್ದಾರೆ. ವಿಚಾರಿಸಿದರೆ, ಮುಂದಿನ ವಾಹನಕ್ಕೆ ಗುದ್ದಿ ಕಂಡೆನ್ಸರ್ ಹೊಸದು ಹಾಕಿಸಿದ್ದರಂತೆ. ಸ್ವಾಮಿ, ಅಳೆಯದೆ ಹಾಕಬೇಡಿ ಎಂದೆನೇ ಹೊರತು ಹಾಕಲೇಬೇಡಿ ಎನ್ನಲಿಲ್ಲ. ಕಂಡೆನ್ಸರ್ ಬದಲಿಸಿದರೆ ಇಷ್ಟು, ಡ್ರೈಯರಿಗೆ ಇಷ್ಟು ಎಂದು ಕಂಪನಿಯವರೇ ಬರೆದಿಟ್ಟಿರುತ್ತಾರೆ. ನಿಮ್ಮ ಹಳೆಯ ಕಂಡೆನ್ಸರನ್ನು ಗುಜರಿಗೆ ಹಾಕುವ ಮೊದಲು ಬಂಪರಿನ ಒಳಮೈ ಮುಟ್ಟಿ ನೋಡಿದ್ದರೂ ಸಾಕಿತ್ತು. ಸಿಡಿದ ಆಯಿಲ್ ಅಲ್ಲೇ ಅಂಟಿಕೊಂಡಿರುತ್ತಿತ್ತು.